ಸ್ಟಾರ್‌ಸೆಕ್ಟರ್ ಮಾಡ್‌ಗೆ ತಗದ ಹಡಗು: ಜಿಂಪ್‌ನ್ಯಾಗ ಚೊಲೋ ಕಾಣತೈತಿ, ಆಟದಾಗ ರಾಡಿ ಆಗತೈತಿ

ಉಣಕಲ್_ಪಿಕ್ಸೆಲ್ (ಹುಬ್ಬಳ್ಳಿ):

ಎಲ್ಲಾರಿಗೂ ನಮಸ್ಕಾರ್ರಿ. ಸ್ಟಾರ್‌ಸೆಕ್ಟರ್ ಅನ್ನೋ ಬಾಹ್ಯಾಕಾಶ ಹಡಗಿನ ಕಂಪ್ಯೂಟರ್ ಆಟಕ್ಕ ಒಂದು ಮಾಡ್ (ಆಡೋರು ತಾವ ಮಾಡಿ ಆಟಕ್ಕ ಸೇರಿಸೋ ಭಾಗ), ಅದಕ್ಕ ಒಂದು ಫ್ರಿಗೇಟ್ (ಸಣ್ಣ ಯುದ್ಧ ಹಡಗು) ಮಾಡಾಕತ್ತೇನಿ. ಚಿತ್ರ ತಗಿಯೋ ಜಿಂಪ್ ಸಾಫ್ಟ್‌ವೇರ್‌ನ್ಯಾಗ 720 × 960 ಪಿಕ್ಸೆಲ್ ಕ್ಯಾನ್ವಾಸ್, ಬಿಳಿ ಹಿನ್ನೆಲೆ. ಮೌಸ್‌ಲೇನ ಚಿತ್ರ ತಗದು, ಆಮ್ಯಾಲ 90 × 120ಕ್ಕ ಇಳಿಸೇನಿ. ಸಣ್ಣದು ಮಾಡಿದ ಕೂಡ್ಲೆ ಪ್ಲೇಟು, ಪೈಪು, ಕಿಟಕಿ ಎಲ್ಲಾ ಕಲಸಿ ಬೂದಿ ಬಣ್ಣ. ಅಂಚಿಗೆ ಬಿಳಿ ಗೆರಿ ಉಳೀತೈತಿ. ಹಡಗು ತಿರುಗಿದಾಗ ಸಣ್ಣ ಗೆರಿಗಳು ಮಿಣಮಿಣ ಅಂತಾವ. ಇನ್ನ ಗುಂಡು ಹಡಗಿಗೆ ಮುಟ್ಟೂಕಿಂತ ಮೊದಲ ಗಾಳ್ಯಾಗ ಸಿಡೀತಾವ, ಗನ್ ಕುಂದ್ರೋ ಜಾಗಾನೂ ತಪ್ಪೈತಿ. ಪೆನ್ ಟ್ಯಾಬ್ಲೆಟ್ ಇಲ್ಲ. ಎಲ್ಲಿಂದ ಸರಿ ಮಾಡ್ಕೋಂತ ಬರ್ಲಿ?

ಕಸೂತಿ_ಗ್ರಿಡ್ (ಧಾರವಾಡ):

720ರಿಂದ 90 ಅಂದ್ರ ಎಂಟು ಪಟ್ಟು ಇಳಿಸಿದಂಗ. 64 ಪಿಕ್ಸೆಲ್ ಕೂಡಿ ಒಂದು ಆಗ್ತದ. ನೀವು ಎರಡು ಪಿಕ್ಸೆಲ್ ದಪ್ಪ ತಗದ ಗೆರಿ ಅದರೊಳಗ ಕಾಲು ಪಾಲು ಅಷ್ಟ, ಮಿಕ್ಕ ಮುಕ್ಕಾಲು ಪಾಲಿನ ಬಣ್ಣ ಅದನ್ನ ನುಂಗಿಬಿಡ್ತದ. ಬೂದಿ ಬಣ್ಣ ಬಂದದ್ದು ಅದಕ್ಕ. ದೊಡ್ಡದು ತಗದು ಇಳಿಸಬೇಕಂದ್ರ ಎರಡು ಪಟ್ಟು ಸಾಕು: 180 × 240. ಕಲಿಯೋರಿಗೆ ನಾ ಹೇಳೂದು ಮಾತ್ರ, ಸೀದಾ 90 × 120ರೊಳಗ ತಗೀರಿ, 800 ಪರ್ಸೆಂಟ್ ಜೂಮ್ ಹಾಕಿ. ವ್ಯೂ ಮೆನುದಾಗ ‘ನ್ಯೂ ವ್ಯೂ’ ಒತ್ತಿ ಅದೇ ಚಿತ್ರದ ಇನ್ನೊಂದು ಕಿಟಕಿ ತೆರದು, ಅದನ್ನ 100 ಪರ್ಸೆಂಟ್‌ನ್ಯಾಗ ಪಕ್ಕಕ್ಕ ಇಟ್ಕೋರಿ. ಆಟ ಆಡೋರು ನೋಡೂದು ಆ ಸಣ್ಣ ಕಿಟಕಿನ್ನ. ಅಲ್ಲಿ ಕಾಣಲಾರದ ಪೈಪು ಹಾಕೂದು ವ್ಯರ್ಥ.

ಮೊದಲ ಬರೇ ಕರಿ ಆಕಾರ. 20 ತಗೀರಿ, ಒಳಗ ಏನೂ ತುಂಬಬ್ಯಾಡ್ರಿ. ಮೂಗು ಎಲ್ಲಿ, ಎಂಜಿನ್ ಎಲ್ಲಿ ಅಂತ ಕರಿ ಆಕಾರದಾಗ ತಿಳಿಯದಿದ್ರ ಬಣ್ಣ ಹಚ್ಚಿದ ಮ್ಯಾಲೂ ತಿಳಿಯಂಗಿಲ್ಲ. ಸಿಮೆಟ್ರಿ ಪೇಂಟಿಂಗ್ ಚಾಲೂ ಮಾಡಿ ಮಿರರ್ ಇಟ್ಟರ ಒಂದು ಕಡಿ ತಗದದ್ದು ಇನ್ನೊಂದು ಕಡಿನೂ ತಾನ ಬರ್ತದ, ಅರ್ಧ ಕೆಲಸ ಉಳೀತದ, ಮೌಸ್‌ನವರಿಗಂತೂ ಇದು ಬೇಕ ಬೇಕು. ಅಗಲ 90, ಸಮ ಸಂಖ್ಯೆ. ಅಂದ್ರ ನಟ್ಟನಡುವಿನ ಗೆರಿ 2 ಪಿಕ್ಸೆಲ್ ಇರಬೇಕು. ಒಂದ ಪಿಕ್ಸೆಲ್ ಇಟ್ಟರ ಹಡಗು ಒಂದು ಕಡಿ ವಾಲ್ತದ.

ಓರೆ ಅಂಚಿನ ಬಗ್ಗೆ ಒಂದು ಮಾತು. ನಮ್ಮ ಕಡೆ ಕಸೂತಿ ಹಾಕೋರು ಬಟ್ಟಿ ಮ್ಯಾಲ ನಕ್ಷಾ ಗೀಚಂಗಿಲ್ಲ, ಎಳಿ ಎಣಿಸಿ ಸೂಜಿ ಚುಚ್ತಾರ. ಮುರ್ಗಿ ಹೊಲಿಗಿ ಮೆಟ್ಟಿಲದಂಗ ಏರ್ತದ. ಒಂದು ಮೆಟ್ಟಿಲಕ್ಕ ನಾಕು ಎಳಿ ಹಿಡಿದ್ರ ಕಡೀತನಕ ನಾಕ. ಪಿಕ್ಸೆಲ್‌ಗೂ ಅದೇ ಲೆಕ್ಕ. ರೆಕ್ಕಿ ಅಂಚು 2-2-2-2 ಅಂತ ಏರಿದ್ರ ನೇರ ಕಾಣ್ತದ. 3-1-2-3 ಅಂತ ಏರಿದ್ರ ಹಲ್ಲು ಮುರದ ಗರಗಸ. ಬಾಗು ಬೇಕಾದ್ರ 5-3-2-1-1 ಹಿಂಗ ಕ್ರಮವಾಗಿ ಇಳಿಸ್ಕೋಂತ ಬರ್ರಿ.

ಬಿಳಿ ಗೆರಿ ಬರೂದು ಬಿಳಿ ಹಿನ್ನೆಲೆಯಿಂದ. ಅಂಚಿನ ಪಿಕ್ಸೆಲ್ ಅರ್ಧ ಹಡಗು, ಅರ್ಧ ಬಿಳಿ ಆಗಿರ್ತದ. ಆಮ್ಯಾಲ ಬಿಳಿ ಅಳಿಸಿದ್ರೂ ಆ ಅರ್ಧ ಹೋಗಂಗಿಲ್ಲ. ಹಡಗಿಗೆ ಬ್ಯಾರೆ ಪಾರದರ್ಶಕ ಲೇಯರ್, ಕೆಳಗ ನಡುವಿನ ಬೂದಿ ಬಣ್ಣದ ಲೇಯರ್ ಇಡ್ರಿ. ಪಿಎನ್‌ಜಿ ಎಕ್ಸ್‌ಪೋರ್ಟ್ ಮಾಡೂಮುಂದ ಬೂದಿ ಲೇಯರ್ ಮರೆ ಮಾಡ್ರಿ. ಜೆಪಿಜಿಗೆ ಪಾರದರ್ಶಕತೆನ ಇಲ್ಲ, ಆ ಕಡೆ ಹೋಗಬ್ಯಾಡ್ರಿ. ಅಂಚಿಗೆ ಬ್ರಷ್ ಬಿಟ್ಟು ಪೆನ್ಸಿಲ್ ಟೂಲ್ ಹಿಡೀರಿ, ‘ಎನ್’ ಕೀ ಒತ್ತಿದ್ರ ಬರ್ತದ.

ತ್ರಿಕೂಟ_ಮಾಡ್ಸ್ (ಗದಗ):

ಮ್ಯಾಲಿನವರು ಹೇಳಿದ್ದೆಲ್ಲಾ ಖರೇ. ನಾನು ಬೆಳಕಿನ ಬಗ್ಗೆ ಹೇಳ್ತೀನಿ, ಹೊಸಬರು ಹೆಚ್ಚು ಎಡವೂದು ಅಲ್ಲೇ.

ಆಟದಾಗ ಇರೂದು ಒಂದೇ ಚಿತ್ರ, ಅದನ್ನ ಎಲ್ಲಾ ಕಡೆ ತಿರುಗಿಸ್ತಾರ. ಎಡಗಡೆಯಿಂದ ಬೆಳಕು ಹಾಕಿದ್ರ ಹಡಗು ತಿರುಗಿದಾಗ ಬೆಳಕೂ ತಿರುಗತೈತಿ. ಎದುರಾಬದುರಾ ನಿಂತ ಎರಡು ಹಡಗಿಗೆ ಎರಡು ಸೂರ್ಯ ಇದ್ದಂಗ ಕಾಣತೈತಿ. ಅದಕ್ಕ ಬೆಳಕು ನೆತ್ತಿ ಮ್ಯಾಲಿಂದ ಬರಲಿ, ಸ್ವಲ್ಪ ಮೂಗಿನ ಕಡೆ ವಾಲಿರಲಿ. ಬೆನ್ನು ಬೆಳ್ಳಗ, ಎರಡೂ ಪಕ್ಕ ಕತ್ತಲು.

ಆದ್ರ ಅಂಚಿನಿಂದ ಒಳಗ ಮೆತ್ತಗ ತೇಯ್ಕೋಂತ ಹೋಗಬ್ಯಾಡ್ರಿ, ದಿಂಬಿನಂಗ ಉಬ್ಬತೈತಿ. ಡಂಬಳದ ದೊಡ್ಡಬಸಪ್ಪನ ಗುಡಿ ನೋಡ್ರಿ. ಅದರ ತಳವಿನ್ಯಾಸ 24 ಮೂಲಿ ಇರೋ ನಕ್ಷತ್ರ. ಮಧ್ಯಾಹ್ನ ಇಳಿಬಿಸಲಾಗ ಒಂದೊಂದು ಮುಖ ಒಂದೊಂದು ಬಣ್ಣಕ್ಕ ನಿಂತಿರತೈತಿ. ಮೂಲಿ ದಾಟಿದ ಕೂಡ್ಲೆ ಬಣ್ಣ ಥಟ್ಟನ ಬದಲು. ಕಲ್ಲು ಗಟ್ಟಿ ಅನ್ಸೂದು ಆ ಥಟ್ಟನೆ ಬದಲಿನಿಂದ. ಹಡಗಿನ ಒಂದು ಮುಖಕ್ಕ ಒಂದೇ ಬಣ್ಣ ತುಂಬ್ರಿ, ಮುಖ ಹೊಳ್ಳಿದಲ್ಲಿ ಬದಲಿಸ್ರಿ.

ಬಣ್ಣ ನಾಕ ಸಾಕು. ಜಿಂಪ್‌ನ ಎಚ್‌ಎಸ್‌ವಿ ಲೆಕ್ಕದಾಗ (ಮೊದಲನೇದು ಯಾವ ಬಣ್ಣ, ಎರಡನೇದು ಎಷ್ಟು ಗಾಢ, ಮೂರನೇದು ಎಷ್ಟು ಬೆಳಕು) ಕಂದು ಹಡಗಿಗೆ: ಮೂಲ 30, 25, 45. ಬೆಳಕು 42, 18, 65. ನೆರಳು 10, 30, 28. ಸಂದು 350, 30, 14. ಬರೇ ಕಪ್ಪು ಬೆರಸಿ ನೆರಳು ಮಾಡಿದ್ರ ಮಸಿ ಬಡದಂಗ ಆಗತೈತಿ, ಅದಕ್ಕ ಮೊದಲನೇ ಸಂಖ್ಯೆನೂ ಸರಿಸೇನಿ.

ಎರಡು ಪ್ಲೇಟಿನ ಸಂದು ತೋರಸಾಕ ಒಂದು ಕತ್ತಲ ಗೆರಿ, ಅದರ ಕೆಳಗ ಒಂದು ಬೆಳಕಿನ ಗೆರಿ. ಮೂಗು ಮ್ಯಾಲ ಐತಿ, ಬೆಳಕು ಅಲ್ಲಿಂದ ಬರತೈತಿ. ಹಿಂದಿನ ಪ್ಲೇಟಿನ ಮುಂದಿನ ಅಂಚಿಗೆ ಅದು ಬಡೀತೈತಿ. ಮಿಣಮಿಣ ಯಾಕಂದ್ರ, ತಿರುಗಿದಾಗ ಒಂದು ಪಿಕ್ಸೆಲ್ ಗೆರಿ ಎರಡು ಪಿಕ್ಸೆಲ್ ನಡುವ ಬಂದು ಒಮ್ಮೆ ಮಸುಕು, ಒಮ್ಮೆ ಚೂಪು ಆಗತೈತಿ. ಅಪ್ಪಟ ಬಿಳಿ, ಅಪ್ಪಟ ಕಪ್ಪು ಅಕ್ಕಪಕ್ಕ ಇಡಬ್ಯಾಡ್ರಿ. ಫರಕು ಕಡಿಮಿ ಮಾಡಿದ್ರ ಮಿಣುಕೂದು ನಿಲ್ಲತೈತಿ.

ಗನ್, ಎಂಜಿನ್ ಬೆಂಕಿ, ಶೀಲ್ಡ್ (ಹಡಗಿನ ಸುತ್ತಿನ ರಕ್ಷಾ ಕವಚ) ಇವನ್ನ ಹಡಗಿನ ಚಿತ್ರದಾಗ ತಗೀಬ್ಯಾಡ್ರಿ. ಆಟ ತಾನ ಮ್ಯಾಲ ಹಚ್ಚತೈತಿ. ಗನ್ ಕುಂದ್ರೋ ಕಡೆ ಸಪಾಟು ಜಾಗಾ ಬಿಡ್ರಿ, ಸುತ್ತ ಒಂದು ನೆರಳಿನ ಬಳಿ ಇದ್ರ ಸಾಕು.

ಉಣಕಲ್_ಪಿಕ್ಸೆಲ್:

ಅಣ್ಣಾರ, ಅಕ್ಕಾರ, ಭಾಳ ಉಪಕಾರ ಆತು. 100 ಪರ್ಸೆಂಟ್ ಕಿಟಕಿ ಇಟ್ಟ ಕೂಡ್ಲೆ ಅರ್ಧ ಪೈಪು ಅಳಿಸಿಬಿಟ್ಟೆ. ಗುಂಡು ಗಾಳ್ಯಾಗ ಸಿಡಿಯೂದು, ಗನ್ ಜಾಗಾ ತಪ್ಪಿದ್ದು, ಇವು ಚಿತ್ರದ ತಪ್ಪೋ ಫೈಲಿಂದೋ?

ಹಾವೇರಿ_ಹಲ್:

ಚಿತ್ರ ತಪ್ಪಿಲ್ಲ, ಶಿಪ್ ಫೈಲ್‌ನ (ಹಡಗಿನ ಅಳತೆಗಳನ್ನು ಆಟಕ್ಕೆ ಹೇಳುವ ಫೈಲ್) ಸಂಖ್ಯೆಗಳು ತಪ್ಪಿವೆ. ಜಿಂಪ್ ಮೇಲಿನಿಂದ ಕೆಳಕ್ಕೆ ಎಣಿಸುತ್ತದೆ, ಸ್ಟಾರ್‌ಸೆಕ್ಟರ್‌ನ ಸೆಂಟರ್ ಕೆಳಗಿನಿಂದ ಮೇಲಕ್ಕೆ. ಬಹುತೇಕ ಎಲ್ಲ ಗೊಂದಲಕ್ಕೂ ಇದೇ ಮೂಲ.

ನಿಮ್ಮ 90 × 120 ಚಿತ್ರಕ್ಕೇ ಲೆಕ್ಕ ಹಾಕೋಣ. ಎಂಜಿನ್ ಕಡೆ ಭಾರ ಹೆಚ್ಚು ಅನಿಸಲಿ ಎಂದು ಸೆಂಟರ್ 45, 50 ಇಟ್ಟುಕೊಳ್ಳಿ; ಹಡಗು ತಿರುಗುವುದು ಆ ಬಿಂದುವಿನ ಮೇಲೆ. ಬೌಂಡ್ಸ್ (ಗುಂಡು ಎಲ್ಲಿ ಬಡಿಯಬೇಕೆಂದು ಹೇಳುವ, ಹಡಗಿನ ಅಂಚಿನ ಬಿಂದುಗಳು) ಮತ್ತು ಗನ್ ಜಾಗಗಳನ್ನು ಸೆಂಟರ್‌ನಿಂದ ಅಳೆಯಬೇಕು. ಮೊದಲ ಸಂಖ್ಯೆ ಮುಂದಕ್ಕೆ ಎಷ್ಟು, ಎರಡನೆಯದು ಎಡಕ್ಕೆ ಎಷ್ಟು; ಬಲಕ್ಕೆ ಇದ್ದರೆ ಮೈನಸ್. ಜಿಂಪ್‌ನಲ್ಲಿ ಗನ್ ಜಾಗ 57, 40 ಅಂತ ತೋರಿಸಿದರೆ: 120ರಲ್ಲಿ 40 ಕಳೆದು 80, ಅದರಲ್ಲಿ ಸೆಂಟರ್‌ನ 50 ಕಳೆದು 30. ಇನ್ನು 45ರಲ್ಲಿ 57 ಕಳೆದರೆ ಮೈನಸ್ 12. ಫೈಲಿನಲ್ಲಿ 30, -12 ಬರೆಯಿರಿ. ಎಡಗಡೆಯ ಜೋಡಿ ಗನ್‌ಗೆ 30, 12. ಕೈಯಿಂದ ಲೆಕ್ಕ ಹಾಕಲು ಬೇಸರವಾದರೆ ಮಾಡ್ ಮಾಡುವವರು ಬಳಸುವ ಶಿಪ್ ಎಡಿಟರ್‌ನಲ್ಲಿ ಚಿತ್ರದ ಮೇಲೇ ಕ್ಲಿಕ್ ಮಾಡಿ ಇಡಬಹುದು. ಆದರೂ ಒಂದು ಹಡಗಿಗಾದರೂ ಕೈಯಿಂದ ಮಾಡಿ, ಆಮೇಲೆ ತಪ್ಪು ಎಲ್ಲಿದೆ ಎಂದು ಸಂಖ್ಯೆ ನೋಡಿಯೇ ಹೇಳಬಲ್ಲಿರಿ.

ಗುಂಡು ಗಾಳಿಯಲ್ಲಿ ಸಿಡಿದರೆ ಬೌಂಡ್ಸ್ ಚಿತ್ರಕ್ಕಿಂತ ದೊಡ್ಡದಿದೆ ಎಂದರ್ಥ. ಫ್ರಿಗೇಟ್‌ಗೆ 12ರಿಂದ 20 ಬಿಂದು ಸಾಕು; ರೆಕ್ಕೆ ಮತ್ತು ಒಡಲಿನ ನಡುವಿನ ಖಾಲಿ ಜಾಗದೊಳಗೆ ಬಿಂದುಗಳನ್ನು ಎಳೆದುಕೊಳ್ಳಿ. ಇಷ್ಟಾದ ಮೇಲೆ ಕೊಲಿಷನ್ ರೇಡಿಯಸ್ (ಸೆಂಟರ್ ಸುತ್ತ ಡಿಕ್ಕಿ ಪರೀಕ್ಷಿಸುವ ವೃತ್ತದ ತ್ರಿಜ್ಯ) ಎಲ್ಲ ಬಿಂದುಗಳನ್ನೂ ಒಳಗೊಳ್ಳಬೇಕು. ನಿಮ್ಮ ಮೂಗು ಸೆಂಟರ್‌ನಿಂದ 70 ದೂರ, ಹಾಗಾಗಿ 75 ಇಡಿ. 60 ಇಟ್ಟರೆ ಮೂಗಿಗೆ ಬಡಿಯಬೇಕಾದ ಗುಂಡು ಹಾಗೇ ದಾಟಿ ಹೋಗಬಹುದು. ಶೀಲ್ಡ್ ಸೆಂಟರ್ 10, 0 ಕೊಡಿ, ಅದು ಚಿತ್ರದ ನಟ್ಟನಡು. ರೇಡಿಯಸ್ 70ರಿಂದ ಶುರು ಮಾಡಿ, ರೆಕ್ಕೆ ತುದಿ ಹೊರಗೆ ಉಳಿದರೆ ಹೆಚ್ಚಿಸಿ.

ಇನ್ನೊಂದು: ಚಿತ್ರದ ಹೆಸರನ್ನೂ ಫೋಲ್ಡರ್ ಹೆಸರನ್ನೂ ಪೂರ್ತಿ ಸಣ್ಣಕ್ಷರದಲ್ಲಿ ಇಡಿ. ವಿಂಡೋಸ್ ದೊಡ್ಡಕ್ಷರ ಸಣ್ಣಕ್ಷರ ಭೇದ ಮಾಡುವುದಿಲ್ಲ, ಲಿನಕ್ಸ್ ಮಾಡುತ್ತದೆ. ನಿಮ್ಮಲ್ಲಿ ಓಡಿದ ಮಾಡ್ ಬೇರೆಯವರಲ್ಲಿ ಚಿತ್ರ ಸಿಗದೆ ನಿಲ್ಲುತ್ತದೆ.

ಉಣಕಲ್_ಪಿಕ್ಸೆಲ್:

ಸೆಂಟರ್ ಮ್ಯಾಲಿನಿಂದ ಎಣಿಸಿ 70 ಬರದಿದ್ದೆ, ಅಲ್ಲೇ ತಪ್ಪಿತ್ತು. ಈಗ ಗನ್ ಸರಿ ಕುಂತಾವ. ಕಡೀ ಪ್ರಶ್ನೆ: ಆಟದ ಹಡಗುಗಳ ತುಂಡು ಕತ್ತರಿಸಿ ಜೋಡಸ್ಕೋಂತ ಕಲೀಬಹುದೇನ್ರಿ?

ಕಸೂತಿ_ಗ್ರಿಡ್ (ಧಾರವಾಡ):

ಕಲಿಯಾಕ ಅದರಷ್ಟು ಚೊಲೋ ದಾರಿ ಇಲ್ಲ. ತುಂಡು ಜೋಡಿಸೂಮುಂದ ಸೈಜು ಹಿಗ್ಗಿಸೂದು, 90 ಡಿಗ್ರಿ ಬಿಟ್ಟು ಬ್ಯಾರೆ ಕೋನಕ್ಕ ತಿರುಗಿಸೂದು ಮಾಡಬ್ಯಾಡ್ರಿ, ಪಿಕ್ಸೆಲ್ ಮಸುಕಾಗಿ ಬೆಸುಗಿ ಎದ್ದು ಕಾಣ್ತದ. ಮೂಗಿನ ಕಡೆ ಬೆಳಕಿದ್ದ ತುಂಡು ತಲಿಕೆಳಗ ಮಾಡಿದ್ರಂತೂ ನೆರಳನ್ನ ಮತ್ತ ಕೈಲೇ ತಿದ್ದಬೇಕು. ಇನ್ನೊಬ್ಬರ ಮಾಡ್‌ನಿಂದ ತಗೊಂಡ ತುಂಡು ಇದ್ರ, ಹೊರಗ ಹಾಕೂಕಿಂತ ಮೊದಲ ಅವರನ್ನ ಕೇಳ್ರಿ. ಮುಕ್ತ ಚಿತ್ರಗಳು ಬೇಕಂದ್ರ ಎಂಡ್ಲೆಸ್ ಸ್ಕೈ ಅನ್ನೋ ಓಪನ್ ಸೋರ್ಸ್ ಆಟದ ಫೋಲ್ಡರ್‌ನ್ಯಾಗ ನೋಡ್ರಿ. ಯಾವ ಚಿತ್ರ ಯಾರದು, ಯಾವ ಲೈಸೆನ್ಸು ಅಂತ ಅದರ ‘ಕಾಪಿರೈಟ್’ ಫೈಲಿನೊಳಗ ಬರದಾರ.

ನಿಮ್ಮ 20 ಕರಿ ಆಕಾರ ಆದಮ್ಯಾಲ ಇಲ್ಲೇ ಹಾಕ್ರಿ, ನೋಡಿ ಹೇಳ್ತೀವಿ.