ಸಂಭಾವನೆಯಿಲ್ಲದ ಸಿನಿಮಾ ವಿಮರ್ಶೆ: ಒಪ್ಪುವ ಮೊದಲು ಕೇಳಬೇಕಾದದ್ದೇನು?

ಪ್ರಶ್ನೆ

ಹವ್ಯಾಸಿ ಬರಹಗಾರರೇ ನಡೆಸುವ ಸಿನಿಮಾ ವಿಮರ್ಶೆಯ ಜಾಲತಾಣವೊಂದು ನನ್ನನ್ನು ಬರೆಯಲು ಕರೆದಿದೆ. ಸಂಭಾವನೆ ಇಲ್ಲ, ಬಿಡುಗಡೆಗೆ ಮುನ್ನ ನಡೆಯುವ ಪತ್ರಿಕಾ ಪ್ರದರ್ಶನಕ್ಕೆ ಪ್ರವೇಶವೂ ಲೇಖನದಲ್ಲಿ ಹೆಸರೂ ಸಿಗುತ್ತವೆ ಎಂದಿದ್ದಾರೆ. ಆದರೆ ತಾಣದಲ್ಲಿ ಜಾಹೀರಾತುಗಳು ಕಾಣುತ್ತಿವೆ. ಯಾವ ವಿಷಯಗಳನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1

ಹಕ್ಕುಸ್ವಾಮ್ಯ ಯಾರದೆಂಬುದನ್ನು ಬರಹದಲ್ಲಿಯೇ ಪಡೆದುಕೊಳ್ಳಿ. ಸಿನಿಮಾ ಮಾಹಿತಿಯ ಜಾಲತಾಣ ಐಎಂಡಿಬಿ 1990ರಲ್ಲಿ ಅಂತರ್ಜಾಲದ ಹಳೆಯ ಚರ್ಚಾಕೂಟವಾದ ಯೂಸ್‌ನೆಟ್‌ನ ಸಿನಿಮಾಸಕ್ತರು ಸೇರಿಸಿಟ್ಟ ಪಟ್ಟಿಗಳಿಂದ ಹುಟ್ಟಿ, ಮುಂದೆ ಕಂಪನಿಯಾಗಿ, 1998ರಲ್ಲಿ ಅಮೆಜಾನ್ ಪಾಲಾಯಿತು. ಇಂದು ಹವ್ಯಾಸಕ್ಕೆಂದು ನಡೆಯುವ ತಾಣ ನಾಳೆ ಮಾರಾಟವಾಗಬಹುದು. ಆಗ ನಿಮ್ಮ ಲೇಖನಗಳನ್ನು ಬೇರೆಡೆ ಪ್ರಕಟಿಸಿಕೊಳ್ಳುವ ಅಧಿಕಾರ ನಿಮ್ಮಲ್ಲೇ ಉಳಿದಿರಬೇಕು. ಪ್ರಕಟವಾದ ಪ್ರತಿಯೊಂದರ ನಕಲನ್ನೂ ಇಟ್ಟುಕೊಳ್ಳಿ, ಏಕೆಂದರೆ ತಾಣ ಮುಚ್ಚಿದರೆ ಕೊಂಡಿಗಳೆಲ್ಲ ಸತ್ತುಹೋಗುತ್ತವೆ.

ಉತ್ತರ 2

ಹಕ್ಕುಸ್ವಾಮ್ಯಕ್ಕಿಂತ ಮೊದಲು ಕೇಳಬೇಕಾದದ್ದು ನಿಮ್ಮ ಬರಹವನ್ನು ಯಾರಾದರೂ ತಿದ್ದುತ್ತಾರೆಯೇ ಎಂಬುದನ್ನು. ಇಂಥದೇ ತಾಣವೊಂದರ ಪ್ರತಿಗಳನ್ನು ನಾನು ತಿದ್ದುತ್ತೇನೆ, ನನಗೂ ಸಂಬಳವಿಲ್ಲ. "ಛಾಯಾಗ್ರಹಣ ಕಣ್ಣಿಗೆ ಹಬ್ಬ" ಎಂಬ ಸಾಲು ಬಂದರೆ, ಯಾವ ದೃಶ್ಯದಲ್ಲಿ, ಬೆಳಕು ಎಲ್ಲಿಂದ ಬೀಳುತ್ತಿತ್ತು, ಕ್ಯಾಮೆರಾ ನಿಂತಿತ್ತೋ ಚಲಿಸುತ್ತಿತ್ತೋ ಎಂದು ಕೇಳಿ ಹಿಂದಿರುಗಿಸುತ್ತೇನೆ. ಮುನಿಸಿಕೊಂಡು ಬಿಟ್ಟುಹೋದವರೂ ಇದ್ದಾರೆ. ಉಳಿದವರ ಬರಹದಲ್ಲಿ ಮಾತ್ರ ಕಥಾಸಾರಾಂಶ ಕುಗ್ಗಿ, ಕಂಡದ್ದರ ವಿವರ ಹೆಚ್ಚುತ್ತದೆ. ದುಡ್ಡೂ ಇಲ್ಲ, ತಿದ್ದುವವರೂ ಇಲ್ಲ ಎಂದಾದರೆ ಸ್ವಂತ ಬ್ಲಾಗೇ ಮೇಲು.

ಉತ್ತರ 3

ಪತ್ರಿಕಾ ಪ್ರದರ್ಶನದ ಪ್ರವೇಶವನ್ನು ಸಂಭಾವನೆಯ ಬದಲಿಯೆಂದು ಎಣಿಸಬೇಡಿ. ಎಂಬಾರ್ಗೊ (ಇಂತಿಷ್ಟು ಹೊತ್ತಿನವರೆಗೆ ವಿಮರ್ಶೆ ಪ್ರಕಟಿಸಬಾರದೆಂಬ ನಿರ್ಬಂಧ) ಮುಗಿಯುವ ಗಳಿಗೆಗೆ ವಿಮರ್ಶೆ ಸಿದ್ಧವಿರಬೇಕೆಂಬ ಒತ್ತಡವೂ, ಆಹ್ವಾನ ತಪ್ಪೀತೆಂದು ಮಾತನ್ನು ಮೃದುಗೊಳಿಸುವ ಅಭ್ಯಾಸವೂ ಅದರ ಜೊತೆಗೇ ಬರುತ್ತವೆ. ಉಚಿತವಾಗಿ ನೋಡಿದ್ದನ್ನು ಓದುಗರಿಗೆ ತಿಳಿಸುವ ಸ್ವಾತಂತ್ರ್ಯವಿದೆಯೇ ಎಂದು ಕೇಳಿ. ಹೆಸರಿನ ವಿಷಯದಲ್ಲಿ ಮಾತ್ರ ಅವರು ಹೇಳಿದ್ದರಲ್ಲಿ ಸತ್ಯಾಂಶವಿದೆ: ವಿಮರ್ಶೆಗಳನ್ನು ಒಟ್ಟುಗೂಡಿಸುವ ತಾಣ ರಾಟನ್ ಟೊಮ್ಯಾಟೋಸ್ 2018ರಲ್ಲಿ ವಿಮರ್ಶಕರನ್ನು ಆರಿಸುವ ತನ್ನ ನಿಯಮಗಳನ್ನು ಬದಲಿಸಿ, ಪ್ರಕಟಿಸುವ ಸಂಸ್ಥೆಗಿಂತ ವಿಮರ್ಶಕರ ವೈಯಕ್ತಿಕ ಅರ್ಹತೆಗೆ ಹೆಚ್ಚು ಮಹತ್ವ ಕೊಟ್ಟಿತು. ನಿರಂತರವಾಗಿ ಬರೆದವರಿಗೆ ಅದರಿಂದ ಅನುಕೂಲವಾಗಿದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಹಕ್ಕುಸ್ವಾಮ್ಯ, ತಿದ್ದುಪಡಿ, ಜಾಹೀರಾತಿನ ಆದಾಯದ ಲೆಕ್ಕ, ಈ ಮೂರನ್ನೂ ಕೇಳಿ ಅವರಿಗೆ ಪತ್ರ ಬರೆಯುತ್ತಿದ್ದೇನೆ. ತಿದ್ದಿದ ಪ್ರತಿಯೊಂದರ ಮಾದರಿಯನ್ನು ತೋರಿಸಿದರೆ ಮಾತ್ರ ಮುಂದುವರಿಯುತ್ತೇನೆ.