‘ಕ್ವೈಟ್ ಗುಡ್’ ಅಂದರೆ ಹೊಗಳಿಕೆಯಾ, ಸುಮಾರಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಇಂಗ್ಲಿಷಿನ ‘ಕ್ವೈಟ್’ ಪದ ತುಂಬಾ ತಲೆ ತಿನ್ನುತ್ತಿದೆ. ಸದ್ದಿಲ್ಲ ಅನ್ನೋ ಅರ್ಥದ ‘ಕ್ವಯಟ್’ ಅಲ್ಲ, ‘ಎಷ್ಟರ ಮಟ್ಟಿಗೆ’ ಅಂತ ಹೇಳುವ ‘ಕ್ವೈಟ್’.

ಡಿಕ್ಷನರಿಯಲ್ಲಿ ‘ತಕ್ಕಮಟ್ಟಿಗೆ’ ಅಂತಲೂ ಇದೆ, ‘ಪೂರ್ತಿಯಾಗಿ’ ಅಂತಲೂ ಇದೆ. ವ್ಯಾಕರಣ ಪುಸ್ತಕ ತೆಗೆದು ನೋಡಿದೆ. ಗುಡ್, ಟಾಲ್ ಥರ ಹೆಚ್ಚು ಕಡಿಮೆ ಆಗುವ ಗುಣಗಳ ಮುಂದೆ ಬಂದರೆ ‘ತಕ್ಕಮಟ್ಟಿಗೆ’. ಇಂಪಾಸಿಬಲ್, ಪರ್ಫೆಕ್ಟ್ ಥರದವುಗಳ ಮುಂದೆ ಬಂದರೆ ‘ಪೂರ್ತಿ’. ‘ನಾಟ್ ಕ್ವೈಟ್ ರೆಡಿ’ ಅಂದರೆ ಇನ್ನೂ ಪೂರ್ತಿ ರೆಡಿ ಆಗಿಲ್ಲ. ಇಷ್ಟು ಚೆನ್ನಾಗಿಯೇ ಅರ್ಥವಾಯಿತು.

ತೊಡಕು ಇರೋದು ‘ಯುವರ್ ವರ್ಕ್ ಈಸ್ ಕ್ವೈಟ್ ಗುಡ್’ ಥರದ ವಾಕ್ಯದಲ್ಲಿ. ಬ್ರಿಟಿಷರ ಬಾಯಲ್ಲಿ ಇದು ಸಾಮಾನ್ಯವಾಗಿ ‘ಪರವಾಗಿಲ್ಲ’, ಅಮೆರಿಕದವರ ಬಾಯಲ್ಲಿ ‘ತುಂಬಾ ಚೆನ್ನಾಗಿದೆ’. ಮಾತಲ್ಲಾದರೆ ದನಿಯಿಂದ ತಿಳಿಯಬಹುದು. ‘ಕ್ವೈಟ್’ ಮೇಲೆ ಒತ್ತು ಬಿದ್ದರೆ ಹೊಗಳಿಕೆ ಕಡಿಮೆ, ‘ಗುಡ್’ ಮೇಲೆ ಬಿದ್ದರೆ ಜಾಸ್ತಿ. ಇಮೇಲ್‌ನಲ್ಲಿ ದನಿಯೇ ಇರಲ್ಲ, ಅಲ್ವಾ?

‘ಕ್ವೈಟ್ ಡಿಫರೆಂಟ್’ ಇನ್ನೂ ಕಷ್ಟ. ಸ್ವಲ್ಪ ಬೇರೆಯೋ, ಪೂರ್ತಿ ಬೇರೆಯೋ?

ಬರಹದಲ್ಲಿ ಈ ಎರಡು ಅರ್ಥಗಳನ್ನು ನೀವು ಹೇಗೆ ಗುರುತಿಸುತ್ತೀರಿ? ನಾನು ಬರೆಯುವಾಗ ‘ಕ್ವೈಟ್’ ಬಿಟ್ಟು ‘ಫೇರ್ಲಿ’ ಅಥವಾ ‘ವೆರಿ’ ಹಾಕಿದರೆ ಗೊಂದಲ ತಪ್ಪುತ್ತದಾ? ಗೊತ್ತಿರುವವರು ಒಂದೆರಡು ಉದಾಹರಣೆ ಕೊಟ್ಟು ಹೇಳಿ.