ಎಲ್‌ಟಿಸಿ ನಗದು ವೋಚರ್: ₹7,575 ಕೋಟಿ ಕೊಟ್ಟು ₹19,000 ಕೋಟಿ ಬೇಡಿಕೆ ಅಂದರೆ ಗುಣಕ 2.5 ಅಂತಲೇ?

ಎಂಎ_ಅರ್ಥಶಾಸ್ತ್ರ:
2020ರ ಅಕ್ಟೋಬರ್ 12ರಂದು ನಿರ್ಮಲಾ ಸೀತಾರಾಮನ್ ಘೋಷಿಸಿದ ಬೇಡಿಕೆ ಉತ್ತೇಜನ ಕ್ರಮಗಳ ಮೇಲೆ ಸೆಮಿನಾರ್ ಪೇಪರ್ ಬರೆಯುತ್ತಿದ್ದೇನೆ. ಎಲ್‌ಟಿಸಿ (ನೌಕರರ ರಜಾ ಪ್ರಯಾಣ ರಿಯಾಯಿತಿ) ಬದಲಿಗೆ ನಗದು ಕೊಡುವ ಯೋಜನೆಗೆ ಕೇಂದ್ರ ನೌಕರರಿಗೆ ₹5,675 ಕೋಟಿ, ಸಾರ್ವಜನಿಕ ಉದ್ದಿಮೆ ಮತ್ತು ಬ್ಯಾಂಕುಗಳಿಗೆ ₹1,900 ಕೋಟಿ ಎಂದು ಅಂದಾಜಿತ್ತು. ಇದರಿಂದ ₹19,000 ಕೋಟಿ ಬೇಡಿಕೆ ಹುಟ್ಟುತ್ತದೆ ಎಂದರು. ಭಾಗಿಸಿದರೆ ಎರಡೂವರೆ ಬರುತ್ತದೆ. ಇದನ್ನೇ ಗುಣಕ (ಸರ್ಕಾರ ಕೊಟ್ಟ ಒಂದು ರೂಪಾಯಿಗೆ ಹುಟ್ಟುವ ಬೇಡಿಕೆ) ಎಂದು ಬರೆಯಬಹುದೇ? ಅದೇ ದಿನ ನೌಕರರಿಗೆ ಘೋಷಿಸಿದ ಹಬ್ಬದ ಮುಂಗಡವನ್ನು ಎಲ್ಲಿ ಸೇರಿಸಲಿ?

ಬಿಲ್ಲು_ವೋಚರು:
ಬರೆಯಬೇಡಿ. ಆ ಎರಡೂವರೆ ಯೋಜನೆಯ ಷರತ್ತಿನಿಂದ ಬಂದದ್ದು, ಜನರ ನಡವಳಿಕೆಯಿಂದ ಅಲ್ಲ. ಪ್ರಯಾಣ ದರದ ಮೂರು ಪಟ್ಟು, ರಜೆ ನಗದೀಕರಣದ (ಬಳಸದ ರಜೆಗೆ ಸಿಗುವ ಹಣದ) ಒಂದು ಪಟ್ಟು ಖರ್ಚು ಮಾಡಲೇಬೇಕಿತ್ತು. ಅದೂ 12% ಅಥವಾ ಹೆಚ್ಚು ಜಿಎಸ್‌ಟಿ ಇರುವ ಸರಕು ಸೇವೆಗೆ, ಜಿಎಸ್‌ಟಿ ನೋಂದಣಿ ಇರುವವರಿಂದ, ಡಿಜಿಟಲ್ ಪಾವತಿಯಲ್ಲಿ, 2021ರ ಮಾರ್ಚ್ 31ರೊಳಗೆ.

ಮೂಲ ವೇತನ ₹60,000, ರೈಲು ಪ್ರಯಾಣದ ಅರ್ಹತೆ, ನಾಲ್ವರ ಕುಟುಂಬ ಎಂದುಕೊಳ್ಳಿ. ಆಗಿನ 17% ತುಟ್ಟಿಭತ್ಯೆ ಸೇರಿಸಿದರೆ ತಿಂಗಳಿಗೆ ₹70,200. ಹತ್ತು ದಿನದ ರಜೆಗೆ ₹23,400. ಪ್ರಯಾಣ ದರ ತಲೆಗೆ ₹6,000ದಂತೆ ₹24,000. ಕೈಗೆ ಬರುವುದು ₹47,400. ಪೂರ್ತಿ ಪಡೆಯಲು ಮಾಡಬೇಕಾದ ಖರ್ಚು 72,000 + 23,400 = ₹95,400. ಕಡಿಮೆ ಖರ್ಚಾದರೆ ಕೊಡುವುದೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ.

ಉಳಿದ ₹48,000 ನೌಕರರ ಸ್ವಂತ ಹಣ. ಫ್ರಿಜ್, ಮೊಬೈಲ್ ಅಂತ ₹70,000ದ ಖರೀದಿ ಹೇಗೂ ಆಗಲಿದ್ದರೆ ಹೊಸ ಬೇಡಿಕೆ ₹25,400 ಮಾತ್ರ. ಕೊಟ್ಟ ಒಂದು ರೂಪಾಯಿಗೆ ಸುಮಾರು 54 ಪೈಸೆ! ಪೇಪರಿನ ತೂಕವೆಲ್ಲ ಈ "ಹೇಗೂ ಆಗಲಿದ್ದ ಖರೀದಿ"ಯನ್ನು ಎಷ್ಟು ಎಂದು ಹಿಡಿಯುತ್ತೀರಿ ಅನ್ನುವುದರ ಮೇಲೆ ನಿಂತಿದೆ. 3% ತೆರಿಗೆಯ ಚಿನ್ನ, 5%ರ ದಿನಸಿ ಲೆಕ್ಕಕ್ಕೆ ಬರುತ್ತಿರಲಿಲ್ಲವಾದ್ದರಿಂದ ಗೃಹೋಪಯೋಗಿ ವಸ್ತುಗಳನ್ನೇ ನೋಡಿ.

ಸರ್ಕಾರದ ಕಡೆಯಿಂದ ಇನ್ನೊಂದು: ಎಲ್ಲವೂ 18%ರ ಸರಕಾದರೆ ₹95,400ರೊಳಗೆ ಸುಮಾರು ₹14,550 ಜಿಎಸ್‌ಟಿ ಇದೆ, ಅದರಲ್ಲಿ ಅರ್ಧ ಕೇಂದ್ರದ್ದು. ನಿವ್ವಳ ವೆಚ್ಚದಲ್ಲಿ ಅದನ್ನು ಕಳೆಯಿರಿ.

ತುಟ್ಟಿಭತ್ಯೆ:
ಮೇಲಿನವರು ಬಿಟ್ಟದ್ದು ಇನ್ನೊಂದು ಜೇಬು. ಇದೇ ನೌಕರರ ತುಟ್ಟಿಭತ್ಯೆ ಏರಿಕೆಯನ್ನು 2020ರ ಏಪ್ರಿಲ್‌ನಲ್ಲಿ ತಡೆಹಿಡಿಯಲಾಯಿತು. 2020ರ ಜನವರಿಯ 4%, ಜುಲೈನ 3%, 2021ರ ಜನವರಿಯ 4% ಕೊಡಲಿಲ್ಲ. 2021ರ ಜುಲೈಯಿಂದ 28% ಆದರೂ ಹಿಂಬಾಕಿ ಇಲ್ಲ.

ಅದೇ ₹60,000 ಮೂಲ ವೇತನಕ್ಕೆ, ವಾರ್ಷಿಕ ವೇತನ ಬಡ್ತಿ ಬದಿಗಿಟ್ಟು, 2021ರ ಮಾರ್ಚ್‌ವರೆಗೆ ಲೆಕ್ಕ ಹಾಕಿ: 2,400 × 15 = 36,000; 1,800 × 9 = 16,200; 2,400 × 3 = 7,200. ಒಟ್ಟು ₹59,400 ಬರಲಿಲ್ಲ, ವೋಚರ್‌ನಲ್ಲಿ ಬಂದದ್ದು ₹47,400. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಅದಕ್ಕಿಂತ ಹೆಚ್ಚು ಕಿತ್ತುಕೊಂಡದ್ದಕ್ಕೆ ಉತ್ತೇಜನ ಅನ್ನುವ ಹೆಸರು ನನಗಂತೂ ಒಪ್ಪಿತವಲ್ಲ.

ಹಿಂಜರಿತ_ನೋಟ:
ಖರೀದಿ ಮುಂದಕ್ಕೆ ಎಳೆದುಕೊಳ್ಳುವುದಕ್ಕೆ ಹೋಲಿಕೆ ಬೇಕಿದ್ದರೆ ಅಮೆರಿಕದ 2009ರ ಹಳೇ ಕಾರು ವಿನಿಮಯ ಯೋಜನೆ ನೋಡಿ. ಕಾರಿಗೆ 3,500 ಅಥವಾ 4,500 ಡಾಲರ್, ಸುಮಾರು 6.8 ಲಕ್ಷ ಕಾರು. ಅರ್ಥಶಾಸ್ತ್ರಜ್ಞರಾದ ಆತಿಫ್ ಮಿಯಾನ್, ಅಮೀರ್ ಸೂಫಿ ಅವರ ಅಧ್ಯಯನದ ಪ್ರಕಾರ ಹೆಚ್ಚಿದ ಮಾರಾಟವೆಲ್ಲ 2010ರ ಮಾರ್ಚ್ ಹೊತ್ತಿಗೆ ನಂತರದ ತಿಂಗಳುಗಳ ಮಾರಾಟದ ಇಳಿಕೆಯಲ್ಲಿ ಕರಗಿಹೋಗಿತ್ತು. ನಿಮ್ಮ ದತ್ತಾಂಶವನ್ನು 2021ರ ಮಾರ್ಚ್‌ಗೆ ನಿಲ್ಲಿಸಬೇಡಿ. ಆದರೆ ಏಪ್ರಿಲ್-ಮೇನಲ್ಲಿ ಕೋವಿಡ್ ಎರಡನೇ ಅಲೆ ಬಂತಲ್ಲ, ಅದರಿಂದಾದ ಕುಸಿತವನ್ನು ಇದರಿಂದ ಬಿಡಿಸುವುದು ಕಷ್ಟದ ಕೆಲಸ.

ಯಾರಿಗೆ ಕೊಟ್ಟರು ಎಂಬುದೂ ಮುಖ್ಯ. ಸಂಬಳ ನಿಲ್ಲದವರ ಸೀಮಾಂತ ಅನುಭೋಗ ಪ್ರವೃತ್ತಿ (ಹೆಚ್ಚುವರಿ ಸಿಕ್ಕ ರೂಪಾಯಿಯಲ್ಲಿ ಖರ್ಚಾಗುವ ಪಾಲು) ಕಡಿಮೆ. ಜನಧನ್ ಖಾತೆಯ ಮಹಿಳೆಯರಿಗೆ ತಿಂಗಳಿಗೆ ₹500ರಂತೆ ಮೂರು ತಿಂಗಳು ಹೋಯಿತು. ಕರ್ನಾಟಕ 2020ರ ಮೇನಲ್ಲಿ ಕ್ಷೌರಿಕರಿಗೆ, ಅಗಸರಿಗೆ, ಆಟೋ-ಟ್ಯಾಕ್ಸಿ ಚಾಲಕರಿಗೆ ಒಂದು ಬಾರಿ ₹5,000 ಘೋಷಿಸಿತು. ಅಂಥ ಹಣ ಖಾತೆಯಲ್ಲಿ ಕೂರುವುದಿಲ್ಲ, ದಿನಸಿ-ಬಾಡಿಗೆಗೆ ಹೋಗುತ್ತದೆ. ಅಲ್ಲಿ ತೊಡಕು ಬೇರೆ: ಸೇವಾ ಸಿಂಧು (ರಾಜ್ಯ ಸರ್ಕಾರದ ಆನ್‌ಲೈನ್ ಸೇವಾ ತಾಣ) ಅರ್ಜಿ, ದಾಖಲೆ, ಆಧಾರ್ ಜೋಡಿಸಿದ ಖಾತೆ. ಹಣ ಬೇಕಾದ ವಾರದಲ್ಲಿ ತಲುಪಿತೇ ಎಂಬುದೇ ಪ್ರಶ್ನೆ.

ಎಂಎ_ಅರ್ಥಶಾಸ್ತ್ರ:
ಧನ್ಯವಾದ ಎಲ್ಲರಿಗೂ. ಹಬ್ಬದ ಮುಂಗಡ?

ಬಿಲ್ಲು_ವೋಚರು:
ಅದು ಸಾಲ. ರುಪೇ ಕಾರ್ಡ್‌ನಲ್ಲಿ ₹10,000, ಬಡ್ಡಿಯಿಲ್ಲ, ಗರಿಷ್ಠ 10 ಕಂತು. ಹಬ್ಬದಲ್ಲಿ ₹10,000 ಖರ್ಚು ಮಾಡಿದವರ ಸಂಬಳದಲ್ಲಿ ಮುಂದೆ ತಿಂಗಳಿಗೆ ₹1,000 ಕಡಿತ. ಹಾಗಾಗಿ ಅಂದಾಜಿನ ₹4,000 ಕೋಟಿಯನ್ನು ಗುಣಕದ ಲೆಕ್ಕದಿಂದ ಹೊರಗಿಡಿ. ವೆಚ್ಚದ ಕಾಲಂನಲ್ಲಿ ಬಿಟ್ಟುಕೊಟ್ಟ ಬಡ್ಡಿಯನ್ನಷ್ಟೇ ತೋರಿಸಿ.